ಕಾಸರಗೋಡಲ್ಲಿ ಕಾರಿಗೆ ಹೀಟರ್ ಎಂತಕ್ಕೆ?

ಹಳೇ ಮಾರುತಿ 800ರ ಹೀಟರ್ ರಿಪೇರಿಗೆ ಕೊಟ್ಟಿದ್ದೇನೆ ಅಂದಾಗ ಪೆರ್ಲ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳಿದ್ದು ಇದೇ ಪ್ರಶ್ನೆ. ಏಪ್ರಿಲ್ ತಿಂಗಳ ಬಿಸಿಲಲ್ಲಿ ನಿಂತು ಕೇಳಿದರೆ ಉತ್ತರ ಕೊಡುವುದು ಕಷ್ಟವೇ. ನಾಲ್ಕೂ ಗ್ಲಾಸ್ ಇಳಿಸಿದರೂ ಬೆವರು ನಿಲ್ಲದ ಊರು ನಮ್ಮದು. ಆದರೆ ಜುಲೈ ತಿಂಗಳ ಸಂಜೆ, ಏಸಿ ಇಲ್ಲದ ಕಾರಿನಲ್ಲಿ ಅಡ್ಕಸ್ಥಳ, ಸಾರಡ್ಕ ದಾಟಿ ವಿಟ್ಲದ ಕಡೆ ಒಮ್ಮೆ ಹೋಗಿ ನೋಡಿ. ಮಳೆ ಬಡಿಯುತ್ತಿರುತ್ತದೆ, ಗ್ಲಾಸ್ ಇಳಿಸುವ ಹಾಗಿಲ್ಲ. ಒಳಗೆ ನಾಲ್ಕು ಜನ, ಒದ್ದೆ ಕೊಡೆ, ಒದ್ದೆ ಬಟ್ಟೆ. ಎರಡು ತಿರುವು ದಾಟುವಷ್ಟರಲ್ಲಿ ಮುಂದಿನ ಗಾಜಿನ ಒಳಗೆ ಬೆಳ್ಳಗೆ ಮಂಜು ಹಿಡಿಯುತ್ತದೆ. ಎದುರಿಗೆ ಬಸ್ಸು ಬಂದರೆ ಲೈಟು ಮಾತ್ರ ಕಾಣುತ್ತದೆ, ಬಸ್ಸು ಕಾಣುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಆ ನಾಲ್ಕು ತಿಂಗಳು ಹೀಟರ್ ಬೇಕಾಗುವುದು ಗಾಜಿಗೆ. ಏಸಿ ಇರುವ ಗಾಡಿಯವರಿಗೆ ಈ ತಾಪತ್ರಯ ಕಡಿಮೆ, ಏಸಿಯೇ ಗಾಳಿಯ ತೇವವನ್ನು ನೀರು ಮಾಡಿ ಹೊರಗೆ ಬಿಡುತ್ತದೆ. ನಮ್ಮಂಥವರಿಗೆ ಇರುವುದು ಬಿಸಿಗಾಳಿ ಒಂದೇ. ಗಾಳಿ ಬಿಸಿಯಾದಷ್ಟೂ ಅದಕ್ಕೆ ತೇವ ಹಿಡಿಯುವ ಶಕ್ತಿ ಜಾಸ್ತಿ. ಗಾಜೂ ಬೆಚ್ಚಗಾಗುತ್ತದೆ. ಉಸಿರಿನ ಹಬೆ ಅಲ್ಲಿ ಕೂರುವುದಿಲ್ಲ.

ಈ ಬಿಸಿ ಬರುವುದು ಎಲ್ಲಿಂದ? ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪುಟ್ಟ ರೇಡಿಯೇಟರ್ ಕೂತಿರುತ್ತದೆ. ಅದೇ ಹೀಟರ್ ಕೋರ್. ಇಂಜಿನ್ ತಣ್ಣಗಿಡುವ ನೀರು 80-90 ಡಿಗ್ರಿಗೆ ಬಿಸಿಯಾಗಿರುತ್ತದಲ್ಲ, ಅದರಲ್ಲಿ ಸ್ವಲ್ಪ ಭಾಗ ಎರಡು ರಬ್ಬರ್ ಹೋಸಿನ ಮೂಲಕ ಈ ಕೋರಿಗೆ ಬಂದು ವಾಪಸ್ ಹೋಗುತ್ತದೆ. ಬ್ಲೋವರ್ ಇದರ ಮೇಲೆ ಗಾಳಿ ಊದುತ್ತದೆ. ಕರೆಂಟಿನ ಕಾಯಿಲ್ ಇಲ್ಲ, ಬೇರೆ ಪೆಟ್ರೋಲ್ ಖರ್ಚೂ ಇಲ್ಲ. ಇಂಜಿನ್ ಸುಮ್ನೆ ಹೊರಗೆ ಬಿಸಾಡುವ ಬಿಸಿಯನ್ನೇ ಬಳಸುವುದು. ಲಿವರ್ ಎಳೆದರೆ ಒಂದು ಕೇಬಲ್ ಬಿಸಿನೀರಿನ ವಾಲ್ವ್ ತೆರೆಯುತ್ತದೆ. ಇಷ್ಟೇ ಕಥೆ. ಕೆಟ್ಟರೆ ಮಾತ್ರ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು!

ಗಾಡಿ ನನ್ನ ಸೋದರಮಾವನದ್ದು. 1997ರ ಮಾಡೆಲ್, ಕಾರ್ಬುರೇಟರ್ ಇಂಜಿನ್, ಏಸಿ ಇಲ್ಲ. ಮಾವನ ತೋಟ ಬಾಯಾರು ಕಡೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರೇ ಅವರಿಗೆ ಕುಡಿಯಲಿಕ್ಕೆ, ತೋಟಕ್ಕೆ, ಕಾರಿನ ರೇಡಿಯೇಟರಿಗೆ ಎಲ್ಲದಕ್ಕೂ. "ಇಷ್ಟು ಒಳ್ಳೇ ನೀರು ಇರುವಾಗ ದುಡ್ಡು ಕೊಟ್ಟು ಬಣ್ಣದ ನೀರು ತರುವುದು ಎಂತಕ್ಕೆ?" ಅನ್ನುತ್ತಿದ್ದರು. ಕುಡಿಯಲಿಕ್ಕೆ ಅದು ಒಳ್ಳೇ ನೀರೇ, ನಾನೂ ಅದನ್ನೇ ಕುಡಿದು ಬೆಳೆದವನು. ಆದರೆ ಮುರಕಲ್ಲಿನ ನೆಲದ ನೀರಿಗೆ ಸಾಮಾನ್ಯವಾಗಿ ಸ್ವಲ್ಪ ಆಮ್ಲದ ಗುಣ ಇರುತ್ತದೆ. ಇಂಜಿನ್ನಿನ ಹೆಡ್ ಅಲ್ಯೂಮಿನಿಯಂ, ರೇಡಿಯೇಟರ್ ತಾಮ್ರ-ಹಿತ್ತಾಳೆ, ಬೆಸುಗೆ ಸೀಸ-ತವರದ್ದು, ನಡುವೆ ಅಲ್ಲಲ್ಲಿ ಕಬ್ಬಿಣ. ಇಷ್ಟು ಲೋಹಗಳ ನಡುವೆ ಬಿಸಿಯಾದ ಬರೀ ನೀರು ವರ್ಷಗಟ್ಟಲೆ ಸುತ್ತಿದರೆ ಯಾವುದೋ ಒಂದು ಲೋಹ ಕರಗುತ್ತಾ ಹೋಗುತ್ತದೆ. ಮಾವ ಬಣ್ಣದ ನೀರು ಅನ್ನುತ್ತಿದ್ದ ಕೂಲಂಟಿನಲ್ಲಿ ಇರುವ ಗ್ಲೈಕಾಲ್ ಚಳಿ ದೇಶದಲ್ಲಿ ನೀರು ಹೆಪ್ಪುಗಟ್ಟದಿರಲಿ ಎಂದು. ನಮಗೆ ಮುಖ್ಯ ಅದರ ಜೊತೆ ಬೆರೆಸಿರುವ ತುಕ್ಕು ತಡೆಯುವ ರಾಸಾಯನಿಕ. ಕಾಸರಗೋಡಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ ನಿಜ, ತುಕ್ಕು ಹಿಡಿಯುವುದಿಲ್ಲವಾ?

ಇನ್ನೊಂದು ವಿಷಯ. ಮಾವ ಹೀಟರ್ ಲಿವರನ್ನು ಮುಟ್ಟಿದವರೇ ಅಲ್ಲ. ಮಳೆಗಾಲದಲ್ಲಿ ಅವರ ಎಡಗೈಯಲ್ಲಿ ಯಾವಾಗಲೂ ಒಂದು ಬೈರಾಸು, ಗಾಜು ಒರೆಸುತ್ತಾ ಓಡಿಸುತ್ತಿದ್ದರು. ವಾಲ್ವ್ ಮುಚ್ಚಿದ್ದರೆ ಕೋರಿನ ಒಳಗೆ ನೀರು ಇರುವುದೇ ಇಲ್ಲ ಎಂದು ಜನ ತಿಳಿದಿರುತ್ತಾರೆ. ಹಾಗಲ್ಲ. ವಾಪಸ್ ಹೋಗುವ ಹೋಸು ತೆರೆದೇ ಇರುತ್ತದೆ, ಕೋರಿನಲ್ಲಿ ನೀರು ತುಂಬಿಯೇ ಇರುತ್ತದೆ, ಹರಿಯುವುದಿಲ್ಲ ಅಷ್ಟೆ. ನಿಂತ ನೀರು, ತಳದಲ್ಲಿ ಕೂತ ತುಕ್ಕಿನ ಕೆಸರು. ಕೋರ್ ಒಳಗಿಂದ ಹಾಳಾಗಲಿಕ್ಕೆ ಬೇರೆ ಕಾರಣ ಬೇಡ.

ಗಾಡಿ ನನ್ನ ಕೈಗೆ ಬಂದ ಮೇಲೆ ಸರ್ವಿಸ್ ಮಾಡಿಸಿ, ಹಳೇ ನೀರು ತೆಗೆದು ಹಸಿರು ಕೂಲಂಟ್ ಹಾಕಿಸಿದೆ. ವಾಲ್ವಿಗೆ ಎಣ್ಣೆ ಬಿಟ್ಟು ಬಿಡಿಸಿಕೊಂಡೆವು. ಆ ಮಳೆಗಾಲ ಹೀಟರ್ ಚೆನ್ನಾಗಿಯೇ ಕೆಲಸ ಮಾಡಲು ಶುರುಮಾಡಿತು. ಸ್ವಲ್ಪ ಸಮಯದಲ್ಲೇ ಲಕ್ಷಣಗಳು ಒಂದೊಂದಾಗಿ ಬಂದವು.

ಮೊದಲು ಬಂದದ್ದು ವಾಸನೆ. ಬ್ಲೋವರ್ ಹಾಕಿದ ಕೂಡಲೇ ಒಂದು ಥರ ಸಿಹಿ ವಾಸನೆ. ಹಿಂದೆ ಕೂತ ಮಗಳು "ಅಪ್ಪಾ, ಯಾರೋ ಬೆಲ್ಲ ಕಾಯಿಸ್ತಿದ್ದಾರೆ" ಅಂದಳು. ಆಮೇಲೆ ಗಾಜು. ಮಂಜು ಬಿಡಿಸಬೇಕಾದ ಗಾಳಿಯೇ ಗಾಜಿಗೆ ಮಬ್ಬು ಹಿಡಿಸುತ್ತಿತ್ತು. ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ, ಎಣ್ಣೆ ಪಸೆಯ ಹಾಗೆ ಹರಡುತ್ತದೆ. ರಾತ್ರಿ ಎದುರಿನ ಲೈಟು ಬಿದ್ದರೆ ಇಡೀ ಗಾಜು ಹೊಳೆಯುತ್ತದೆ. ಇದು ಉಸಿರಿನ ಹಬೆ ಅಲ್ಲ, ಕೂಲಂಟಿನ ಹಬೆ. ಸಾಬೂನು ನೀರು ಹಾಕಿ ತೊಳೆದರೇ ಹೋಗುವುದು. ಇದರ ಜೊತೆಗೆ, ಬಾನೆಟ್ ಒಳಗಿನ ಬಿಳಿ ಡಬ್ಬಿಯಲ್ಲಿ ಕೂಲಂಟ್ ಮಟ್ಟ ಇಳಿಯುತ್ತಲೇ ಇತ್ತು. ನೆಲದಲ್ಲಿ ಒಂದು ಹನಿ ಬಿದ್ದಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ, ಇಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿಲ್ಲ. ಅಂದರೆ ಇಂಜಿನ್ ಹೆಡ್ಡಿನ ಅಡಿಯ ಸೀಲು, ಹೆಡ್ ಗ್ಯಾಸ್ಕೆಟ್, ಹೋದದ್ದಲ್ಲ ಎಂದು ಸಮಾಧಾನ. ಮತ್ತೆ ನೀರು ಎಲ್ಲಿಗೆ ಹೋಯಿತು?

ಎಡಗಡೆ ಮುಂದಿನ ಸೀಟಿನ ಕಾಲಿನ ಹತ್ತಿರ ರಬ್ಬರ್ ಮ್ಯಾಟ್ ಎತ್ತಿದೆ. ಮ್ಯಾಟ್ ಮೇಲೆ ಒಣಗಿಯೇ ಇತ್ತು. ಕೆಳಗಿನ ಕಾರ್ಪೆಟ್ ಒತ್ತಿದರೆ ಪಿಚಕ್ ಎಂದು ನೀರು ಬೆರಳಿನ ನಡುವೆ ಬಂತು. ಹಳೇ 800ರಲ್ಲಿ ಮಳೆನೀರೂ ಒಳಗೆ ಬರುತ್ತದೆ, ಗಾಜಿನ ಬೀಡಿಂಗ್ ಸಡಿಲವಾದರೆ ಅದೇ ಜಾಗಕ್ಕೆ ಇಳಿಯುತ್ತದೆ. ಹಾಗಾಗಿ ಒದ್ದೆ ಕಂಡ ತಕ್ಷಣ ಹೀಟರಿಗೆ ದೂರು ಹಾಕುವ ಹಾಗಿಲ್ಲ. ಬಿಳಿ ಕಾಗದ ಒತ್ತಿ ನೋಡಿದೆ, ತಿಳಿ ಹಸಿರು. ಬೆರಳಿಗೆ ಬೆರಳು ಉಜ್ಜಿದರೆ ಜಾರುತ್ತದೆ. ಮಳೆನೀರು ಹಾಗೆ ಜಾರುವುದಿಲ್ಲ. ಸಿಹಿ ಇದೆಯಾ ಎಂದು ನಾಲಗೆಗೆ ಮುಟ್ಟಿಸಿ ನೋಡುವ ಚಟ ಕೆಲವು ಮೆಕ್ಯಾನಿಕ್‌ಗಳಿಗೆ ಇದೆ. ದಯವಿಟ್ಟು ಬೇಡ, ಎಥಿಲೀನ್ ಗ್ಲೈಕಾಲ್ ವಿಷ. ಕಿಡ್ನಿ ಹೋಗುತ್ತದೆ. ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಚೆಲ್ಲಿದ ಕೂಲಂಟನ್ನು ಕೂಡಲೇ ತೊಳೆಯಬೇಕು. ರುಚಿ ಸಿಹಿಯಾದ್ದರಿಂದ ನೆಕ್ಕುತ್ತವೆ, ಸ್ವಲ್ಪವೇ ಸಾಕು ಸಾಯಲಿಕ್ಕೆ.

ಬದಿಯಡ್ಕದಲ್ಲಿ ನಾನು ಯಾವಾಗಲೂ ಹೋಗುವ ವರ್ಕ್‌ಶಾಪ್ ಒಂದಿದೆ. ಯಜಮಾನರನ್ನು ಎಲ್ಲರೂ ಇಚ್ಚ ಎಂದೇ ಕರೆಯುವುದು. 800 ಅಂದರೆ ಅವರಿಗೆ ಕಣ್ಣು ಮುಚ್ಚಿ ಬಿಚ್ಚುವಷ್ಟು ಪರಿಚಯ. ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಕೈಪಂಪು ಕೂರಿಸಿ ಪ್ರೆಶರ್ ಕೊಟ್ಟರು. ಮುಳ್ಳು ಮೆಲ್ಲ ಮೆಲ್ಲ ಇಳಿಯಿತು. ಬಾನೆಟ್ ಒಳಗೆ ಎಲ್ಲಿಯೂ ಒದ್ದೆ ಇಲ್ಲ. ಎಡಗಡೆ ಕಾಲಿನ ಹತ್ತಿರ ಟಾರ್ಚ್ ಹಾಕಿ ನೋಡಿದರೆ ಹೀಟರ್ ಪೆಟ್ಟಿಗೆಯ ಅಡಿಯಿಂದ ಹನಿ ಜಿನುಗುತ್ತಿತ್ತು.

"ಇದು ಕೋರ್ ಹೋದದ್ದು ಮಾಷೇ. ನೀವು ಕೂಲಂಟ್ ಹಾಕಿದ್ದಕ್ಕೇ ಆದದ್ದು. ನೀರೇ ಇದ್ದರೆ ಏನೂ ಆಗ್ತಿರಲಿಲ್ಲ."

ಈ ಮಾತು ನಾನು ಬಹಳ ಕಡೆ ಕೇಳಿದ್ದೇನೆ. ಅರ್ಧ ಸತ್ಯ. ಹಳೇ ಕೋರಿನಲ್ಲಿ ತೂತು ಮೊದಲೇ ಆಗಿರುತ್ತದೆ, ತುಕ್ಕಿನ ಹಕ್ಕಳೆ ಅದನ್ನು ಮುಚ್ಚಿಕೊಂಡಿರುತ್ತದೆ. ಹೊಸ ಕೂಲಂಟ್ ಹೋಗಿ ಆ ಕೊಳೆ ತೊಳೆದಾಗ ತೂತು ಹೊರಗೆ ಬರುತ್ತದೆ. ತೂತು ಮಾಡಿದ್ದು ಸುರಂಗದ ನೀರು, ಹೆಸರು ಕೆಟ್ಟದ್ದು ಕೂಲಂಟಿನದ್ದು. ಇಚ್ಚನ ಹತ್ತಿರ ಅಷ್ಟು ವಾದ ಮಾಡಲಿಲ್ಲ. ಅವರು ಪರಿಹಾರವನ್ನೂ ಆಗಲೇ ಹೇಳಿಯಾಗಿತ್ತು.

"ಎರಡು ಹೋಸನ್ನೂ ಇಲ್ಲೇ ಕೂಡಿಸಿ ಲೂಪ್ ಹೊಡೆದು ಬಿಡುವ. ಹತ್ತು ನಿಮಿಷದ ಕೆಲಸ. ಊರಲ್ಲಿ ಅರ್ಧ ಗಾಡಿಗೆ ನಾನೇ ಹೊಡೆದುಕೊಟ್ಟದ್ದುಂಟು."

ಲೂಪ್ ಅಂದರೆ ಕೋರನ್ನು ಬಿಟ್ಟು, ಇಂಜಿನ್ ಕಡೆಯಲ್ಲೇ ಒಂದು ಹೋಸಿನಿಂದ ಇನ್ನೊಂದಕ್ಕೆ ನೀರು ದಾಟಿಸುವುದು. ಕೆಟ್ಟ ಕೆಲಸ ಏನಲ್ಲ. ಇಂಜಿನ್ನಿಗೆ ತೊಂದರೆ ಇಲ್ಲ, ಲೀಕ್ ನಿಲ್ಲುತ್ತದೆ. ಮಳೆ ಜೋರಿತ್ತು, ಗಾಡಿ ಬೇಕಿತ್ತು, ಶಾಲೆಗೆ ರಜೆ ಇರಲಿಲ್ಲ. ಹೊಡೆಯಿರಿ ಅಂದೆ. ಒಂದೇ ಮಾತು, ಲೂಪ್ ಹಾಕುವಾಗ ಹೀಟರ್ ಹೋಸ್ ಎಂದೇ ಮಾರುವ ದಪ್ಪ ರಬ್ಬರ್ ಹಾಕಿಸಿ. ತೋಟದ ಪೈಪಿನ ತುಂಡು ಬಿಸಿನೀರಿಗೂ ಪ್ರೆಶರಿಗೂ ತಾಳುವುದಿಲ್ಲ. ದಾರಿಯಲ್ಲಿ ಅದು ಸಿಡಿದರೆ ಹೀಟರ್ ಮಾತ್ರ ಅಲ್ಲ, ಇಂಜಿನ್ನೂ ಹೋಗುತ್ತದೆ.

ಆ ಮಳೆಗಾಲ ನಾನೂ ಮಾವನ ಹಾಗೆ ಬೈರಾಸು ಹಿಡಿದುಕೊಂಡೇ ಓಡಿಸಿದೆ. ಗಾಜಿಗೆ ಶಾಂಪೂ ಸವರುವುದು, ಗ್ಲಾಸ್ ಎರಡು ಬೆರಳಿನಷ್ಟು ಇಳಿಸಿ ಬಲಭುಜ ನೆನೆಸಿಕೊಳ್ಳುವುದು, ಎಲ್ಲಾ ಆಯಿತು. ಸಲಹೆಗಳಿಗಂತೂ ಬರ ಇರಲಿಲ್ಲ. ಒಬ್ಬರು ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಪುಡಿ ಹಾಕಿ ಅಂದರು. ದಾರಿ ನಡುವೆ ರೇಡಿಯೇಟರ್ ಸೋರಿದರೆ ಲಾರಿಯವರು ಮಾಡುವ ಉಪಾಯ ಅದು, ಆ ಹೊತ್ತಿಗೆ ಕೆಲಸ ಮಾಡುತ್ತದೆ. ಆದರೆ ತೂತು ಮುಚ್ಚುವ ಪುಡಿಗೆ ತೂತು ಯಾವುದು, ನಾಳ ಯಾವುದು ಗೊತ್ತಾಗುವುದಿಲ್ಲ. ಹೀಟರ್ ಕೋರಿನ ನಾಳಗಳು ತೀರಾ ಸಪೂರ, ಮೊದಲು ಕಟ್ಟಿಕೊಳ್ಳುವುದು ಅವೇ. ಅಂಗಡಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ಪುಡಿಯ ಕಥೆಯೂ ಅಷ್ಟೇ.

ಲೂಪ್ ಹಾಗೇ ಇರಲಿ ಅನ್ನಬಹುದಿತ್ತು. ನನಗೆ ಒಪ್ಪಿಗೆಯಾಗಲಿಲ್ಲ. ಗಾಜಿನ ಮಾತು ಬಿಡಿ, ಹೀಟರ್ ಇದ್ದರೆ ಇನ್ನೊಂದು ಉಪಯೋಗವೂ ಉಂಟು. ಸಂಪಾಜೆ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಏರಿತು ಅಂದುಕೊಳ್ಳಿ. ಹೀಟರ್ ಪೂರ್ತಿ ತೆರೆದು ಬ್ಲೋವರ್ ಜೋರು ಮಾಡಿದರೆ ಇಂಜಿನ್ನಿನ ಬಿಸಿ ಒಂದಷ್ಟು ಈ ಕಡೆಯಿಂದ ಇಳಿಯುತ್ತದೆ. ಒಳಗೆ ಕೂತವರು ಬೈಯುತ್ತಾರೆ, ಆದರೆ ಗಾಡಿ ಬದಿಗೆ ನಿಲ್ಲಿಸುವ ಜಾಗದ ತನಕ ಮುಟ್ಟುತ್ತದೆ.

ಏಪ್ರಿಲ್ ರಜೆ ಬಂದದ್ದೇ ಇಚ್ಚನ ಶೆಡ್ಡಿಗೆ ಗಾಡಿ ಬಿಟ್ಟೆ. "ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಬೇಕು. ಪುನಃ ಕಿರಿಕಿರಿ ಶಬ್ದ ಬರ್ತದೆ ಅಂತ ನನಗೆ ಹೇಳ್ಲಿಕ್ಕಿಲ್ಲ" ಎಂದು ಮೊದಲೇ ಷರತ್ತು ಹಾಕಿದರು. ನಾನು ಜೊತೆಗೇ ಕೂತು ಸ್ಕ್ರೂ ಹಿಡಿದುಕೊಳ್ಳುವ ಕೆಲಸ ಮಾಡುತ್ತೇನೆ ಎಂದೆ. ಅದಕ್ಕೆ ಅವರಿಗೆ ಅಷ್ಟೇನೂ ಖುಷಿಯಾದ ಹಾಗೆ ಕಾಣಲಿಲ್ಲ.

ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಿದೆವು. ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರಿನ ಅಡಿಯ ಟ್ಯಾಪ್ ತಿರುಗಿಸಿ ಕೂಲಂಟನ್ನು ಬಕೆಟಿಗೆ ಇಳಿಸಿ ಮುಚ್ಚಿಟ್ಟಾಯಿತು. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡು ದಾಟಿ ಬರುವ ಕೋರಿನ ಎರಡು ಪೈಪಿಗೆ ಹಳೇ ಹೋಸಿನ ತುಂಡು ಕಚ್ಚಿಕೊಂಡಿತ್ತು. ಇಲ್ಲಿ ಇಚ್ಚನ ಕೈಚಳಕ ನೋಡಬೇಕು. ಹುಡುಗ ಪ್ಲಯರ್ ಹಿಡಿದು ತಿರುಚಲು ಹೋದ. "ಏಯ್, ಬಿಡು!" ಎಂದು ಗದರಿಸಿ, ಬ್ಲೇಡಿನಲ್ಲಿ ರಬ್ಬರನ್ನು ಉದ್ದಕ್ಕೆ ಸೀಳಿ, ಸಿಪ್ಪೆ ಸುಲಿದು ತೆಗೆದರು. ತಿರುಚಿದರೆ ಒಳಗಿನ ಹಿತ್ತಾಳೆ ಪೈಪ್ ಬುಡದಲ್ಲೇ ಮುರಿಯುತ್ತದಂತೆ. ರಿಪೇರಿ ಆಗಬಹುದಾದ ಕೋರನ್ನು ಹಾಗೆ ಕೊಂದವರು ಬಹಳ ಮಂದಿ ಎಂದರು.

ಆಮೇಲೆ ಡ್ಯಾಶ್‌ಬೋರ್ಡ್. ಸ್ಟೇರಿಂಗ್ ಕಾಲಮ್ಮಿನ ನಟ್ಟು ಬಿಚ್ಚಿ ಕೆಳಗೆ ಇಳಿಸಿ ಸೀಟಿನ ಮೇಲೆ ಒರಗಿಸಿದರು. ಮೀಟರ್ ಬೋರ್ಡಿನ ಹಿಂದೆ ಕೈ ಹಾಕಿ ಸ್ಪೀಡೋಮೀಟರ್ ಕೇಬಲ್, ಚೋಕ್ ಕೇಬಲ್, ಹೀಟರ್ ಲಿವರಿನ ಕೇಬಲ್‌ಗಳು, ರೇಡಿಯೋ, ಬ್ಲೋವರ್ ಸ್ವಿಚ್ಚಿನ ವಯರ್ ಎಲ್ಲಾ ಬಿಡಿಸುತ್ತಾ ಹೋದರು. ನಾನು ಪ್ರತಿಯೊಂದನ್ನೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದೆ. ವಯರಿಗೆ ಟೇಪ್ ಸುತ್ತಿ ನಂಬರ್ ಬರೆದೆ. ಸ್ಕ್ರೂಗಳಿಗೆ ಮನೆಯಿಂದ ಅಡಿಕೆ ಹಾಳೆಯ ತಟ್ಟೆ ತಂದಿದ್ದೆ. ಒಂದೊಂದು ತಟ್ಟೆಯಲ್ಲಿ ಪೆನ್ನಿನಿಂದ "ಮೀಟರ್", "ಎಡಬದಿ", "ಸ್ಟೇರಿಂಗ್ ಅಡಿ" ಎಂದು ಬರೆದು ಸಾಲಾಗಿ ಇಟ್ಟೆ. ಇಚ್ಚ ನಕ್ಕರು. "ಇದೆಂತ ಮಾಷೇ, ಊಟಕ್ಕೆ ಹಾಕಿದ್ದಾ?" ವಾಪಸ್ ಜೋಡಿಸುವ ದಿನ ಅವರೇ "ಸ್ಟೇರಿಂಗ್ ಅಡಿ ಕೊಡಿ" ಎಂದು ಕೈ ಚಾಚುತ್ತಿದ್ದರು. ಈ ಗಾಡಿಯಲ್ಲಿ ಸ್ಕ್ರೂ ಉದ್ದ ಎಲ್ಲಾ ಒಂದೇ ಅಲ್ಲ. ಉದ್ದದ್ದನ್ನು ತಪ್ಪು ತೂತಿಗೆ ಹಾಕಿದರೆ ಹಿಂದಿನ ವಯರನ್ನೋ ಪ್ಲಾಸ್ಟಿಕ್ಕನ್ನೋ ಕಚ್ಚುತ್ತದೆ.

25 ವರ್ಷ ದಾಟಿದ ಪ್ಲಾಸ್ಟಿಕ್ ಹಪ್ಪಳದ ಹಾಗೆ. ಎಷ್ಟು ಜಾಗ್ರತೆ ಮಾಡಿದರೂ ಒಂದೆರಡು ಲಾಕು ಮುರಿದವು. ಎರಡು ಟ್ಯೂಬು ಬೆರೆಸುವ ಗಮ್ಮಿನಲ್ಲಿ ಅಂಟಿಸಿದೆವು. ಬೆಳಿಗ್ಗೆ ಬಿಸಿಲು ತಾಗಿದ ಮೇಲೆ ಬಿಚ್ಚಿದರೆ ಮುರಿಯುವುದು ಕಡಿಮೆ ಎಂದು ಇಚ್ಚ ಹೇಳಿದರು. ಪ್ಲಾಸ್ಟಿಕ್ ಬೆಚ್ಚಗಾದರೆ ಸ್ವಲ್ಪ ಬಗ್ಗುತ್ತದಲ್ಲ, ಸರಿಯಾದ ಮಾತೇ.

ಕೊನೆಗೂ ಕಪ್ಪು ಹೀಟರ್ ಪೆಟ್ಟಿಗೆ ಹೊರಗೆ ಬಂತು. ಕ್ಲಿಪ್ ತೆಗೆದು ಎರಡು ಹೋಳು ಮಾಡಿದರೆ ಒಳಗೆ ಒಂದು ಸಂಸಾರವೇ ಇತ್ತು. ಇಲಿ ತಂದಿಟ್ಟ ಅಡಿಕೆ ಸಿಪ್ಪೆಯ ನಾರು, ಗಾಳಿ ಹೋಗುವ ದಾರಿಯ ಮೂಲೆಯಲ್ಲಿ ಕಣಜದ ಮಣ್ಣಿನ ಗೂಡು, ಪುಡಿಪುಡಿಯಾದ ಕಪ್ಪು ಸ್ಪಂಜು. ಈ ಸ್ಪಂಜು ಗಾಳಿ ತಿರುಗಿಸುವ ಬಾಗಿಲುಗಳ ಅಂಚಿಗೆ ಅಂಟಿಸಿದ್ದು. ಬ್ಲೋವರ್ ಹಾಕಿದಾಗ ಮುಖಕ್ಕೆ ಕಪ್ಪು ಪುಡಿ ಹಾರುತ್ತಿದ್ದದ್ದು ಇದೇ. ಬಾಗಿಲು ಸರಿಯಾಗಿ ಮುಚ್ಚದೆ ಅರ್ಧ ಗಾಳಿ ಕಾಲಿಗೇ ಹೋಗುತ್ತಿತ್ತು. ನಡುವೆ ಕೋರ್. ಒಂದು ದಪ್ಪ ಪುಸ್ತಕದಷ್ಟು ಗಾತ್ರ, ಅಷ್ಟೇ. ಒಂದು ಮೂಲೆಯಲ್ಲಿ ರೆಕ್ಕೆಗಳು ಹಸಿರು-ಬಿಳಿ ಪುಡಿ ಹಿಡಿದು ಬೆರಳು ಮುಟ್ಟಿದರೆ ಉದುರುತ್ತಿದ್ದವು.

ತಾಮ್ರ-ಹಿತ್ತಾಳೆಯ ಕೋರ್ ಆದ್ದರಿಂದ ಬೆಸುಗೆ ಹಾಕಿ ಉಳಿಸಬಹುದು ಎಂಬ ಆಸೆ ನನಗೆ. ಪುತ್ತೂರಿನಲ್ಲಿ ಹಳೇ ರೇಡಿಯೇಟರ್ ಕೆಲಸದವರೊಬ್ಬರು ಇದ್ದಾರೆ, ಅಲ್ಲಿಗೆ ಒಯ್ದೆ. ಅವರು ಒಂದು ಪೈಪಿಗೆ ರಬ್ಬರ್ ಬೂಚು ತುರುಕಿದರು, ಇನ್ನೊಂದಕ್ಕೆ ಗಾಳಿಯ ಹೋಸು ಸಿಕ್ಕಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ನಾಳಗಳು ತಲೆಕಟ್ಟಿನ ತಗಡಿಗೆ ಸೇರುವ ಜಾಗದಿಂದ ಗುಳ್ಳೆ ಸಾಲು ಎದ್ದಿತು. ಅಲ್ಲಿ ಕೆರೆದು, ಆಸಿಡ್ ಸವರಿ, ಗ್ಯಾಸಿನ ಬೆಂಕಿ ಹಿಡಿದು ಸೀಸ ಹರಿಸಿದರು. ಪುನಃ ತೊಟ್ಟಿ. ಈ ಸಲ ಗುಳ್ಳೆ ಪಕ್ಕದ ನಾಳದಿಂದ. ಅದನ್ನೂ ಮುಚ್ಚಿದರೆ ನಟ್ಟನಡುವಿನಿಂದ. ಬೆಂಕಿ ಆರಿಸಿ, ಕೋರನ್ನು ಒರೆಸಿ ನನ್ನ ಕೈಗೆ ಕೊಟ್ಟರು.

"ಒಳಗೆ ತಗಡೇ ಇಲ್ಲ. ಇದಕ್ಕೆ ನಾನು ದುಡ್ಡು ತಗೊಂಡ್ರೆ ಪಾಪ ಬರ್ತದೆ. ಹೊಸದು ಹಾಕಿ."

ತಗೊಳ್ಳಲೂ ಇಲ್ಲ. ಬಿಸಿ ಹಿಡಿದದ್ದಕ್ಕಾದರೂ ತಗೊಳ್ಳಿ ಎಂದರೂ ಕೇಳಲಿಲ್ಲ.

ಹೊಸದು ಎಲ್ಲಿ ಸಿಗುತ್ತದೆ? ಮಾರುತಿ 800 ಮೊದಲು ಬಂದದ್ದು 1983ರ ಡಿಸೆಂಬರಿನಲ್ಲಿ, ತಯಾರಿ ನಿಂತದ್ದು 2014ರ ಜನವರಿಯಲ್ಲಿ. 25 ಲಕ್ಷಕ್ಕೂ ಜಾಸ್ತಿ ಗಾಡಿ ರಸ್ತೆಗೆ ಬಂದಿರುವುದರಿಂದ ಬ್ರೇಕು, ಕ್ಲಚ್ಚು, ಬಲ್ಬು ಈಗಲೂ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತವೆ. ಹೀಟರ್ ಕೋರ್ ಮಾತ್ರ ಯಾರೂ ಕೇಳುವುದಿಲ್ಲ. ಎಲ್ಲರೂ ಲೂಪ್ ಹೊಡೆಸಿದರೆ ಅಂಗಡಿಯವರಾದರೂ ತರಿಸಿ ಇಡುವುದು ಯಾರಿಗೆ? ಕಾಸರಗೋಡು ಪೇಟೆಯಲ್ಲಿ ಕೇಳಿದರೆ ನನ್ನ ಮುಖ ನೋಡಿದರು. ಬೆಂಗಳೂರಿನಲ್ಲಿರುವ ಭಾವ ಶಿವಾಜಿನಗರದ ಗುಜರಿಯಲ್ಲಿ ಹುಡುಕುತ್ತೇನೆ ಎಂದ. ಗುಜರಿಯ ಕೋರ್ ಬೇಡ ಅಂದೆ. ಗುಜರಿಯಿಂದ ಡೋರ್ ತರಬಹುದು, ಸೀಟು ತರಬಹುದು. ಒಳಗೆ ನೀರು ನಿಂತು ಹಳತಾದ ಸಾಮಾನಿಗೆ ಹೊರಗಿನ ಬಣ್ಣ ನೋಡಿ ದುಡ್ಡು ಕೊಡುವುದು ಜೂಜು. ಕಡೆಗೆ ಮಂಗಳೂರಿನ ಒಂದು ಬಿಡಿಭಾಗದ ಅಂಗಡಿಯವರು ತರಿಸಿಕೊಡುತ್ತೇನೆ ಎಂದರು. ಸ್ವಲ್ಪ ಕಾಯಬೇಕಾಯಿತು. ಅಷ್ಟು ದಿನವೂ ಡ್ಯಾಶ್‌ಬೋರ್ಡ್ ಇಲ್ಲದ ನನ್ನ ಗಾಡಿ ಶೆಡ್ಡಿನ ಮೂಲೆಯಲ್ಲಿ ಜಾಗ ಹಿಡಿದುಕೊಂಡಿತ್ತು, ಇಚ್ಚ ಫೋನಿನಲ್ಲಿ ದಿನವೂ ನೆನಪಿಸುತ್ತಿದ್ದರು.

ಬಂದದ್ದು ಅಲ್ಯೂಮಿನಿಯಂ ಕೋರ್, ಬೇರೆ ಕಂಪನಿಯದ್ದು. ಹಳತನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆ. ಎರಡನ್ನೂ ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟು ಉದ್ದ, ಅಗಲ, ದಪ್ಪ, ಪೈಪಿನ ಹೊರ ಅಳತೆ, ಪೈಪು ಬಾಗಿದ ಕೋನ ಎಲ್ಲಾ ನೋಡಿದೆ. ದಪ್ಪ ಸ್ವಲ್ಪ ಕಡಿಮೆ ಇತ್ತು. ಕಡಿಮೆ ಇದ್ದರೆ ಪರವಾಗಿಲ್ಲ, ಸುತ್ತ ಸ್ಪಂಜು ಕೊಟ್ಟು ಬಿಗಿ ಮಾಡಬಹುದು. ಜಾಸ್ತಿ ಇದ್ದರೆ ಪೆಟ್ಟಿಗೆ ಮುಚ್ಚುವುದಿಲ್ಲ. ಸುತ್ತ ಸಂದು ಬಿಟ್ಟರೆ ಗಾಳಿ ಕೋರಿನ ಒಳಗೆ ಹೋಗದೆ ಬದಿಯಿಂದ ತಣ್ಣಗೇ ದಾಟಿಬಿಡುತ್ತದೆ, ಹೊಸ ಕೋರ್ ಹಾಕಿಯೂ ಬಿಸಿ ಬರುವುದಿಲ್ಲ. ವಾಪಸ್ ಬರುವಾಗ ಎರಡು ಹೊಸ ಹೋಸು, ಕ್ಲಿಪ್ಪುಗಳು, ಹೀಟರ್ ವಾಲ್ವ್, ಒಂದು ಬದಿ ಅಂಟು ಇರುವ ಸ್ಪಂಜಿನ ಪಟ್ಟಿ ಇಷ್ಟನ್ನೂ ತಂದೆ. ಹೋಸು ಇನ್ನೂ ಚೆನ್ನಾಗಿದೆ, ಹಾಕಬಹುದು ಎಂದು ಇಚ್ಚನ ಹುಡುಗ ಹೇಳಿದ. ಇನ್ನೊಮ್ಮೆ ಡ್ಯಾಶ್‌ಬೋರ್ಡ್ ಬಿಚ್ಚುವ ಧೈರ್ಯ ಅವನಿಗಿದೆಯಾ ಎಂದು ಕೇಳಿದೆ.

ಹೊಸ ಕೋರನ್ನೂ ಹಾಕುವ ಮೊದಲು ಗಾಳಿ ಕೊಟ್ಟು ಬಕೆಟಿನಲ್ಲಿ ಮುಳುಗಿಸಿ ನೋಡಿದೆವು. ಗುಳ್ಳೆ ಬರಲಿಲ್ಲ. ಹೊಸದನ್ನು ಯಾಕೆ ಪರೀಕ್ಷೆ ಮಾಡುವುದು ಅನ್ನಬಹುದು, ಸಾಗಾಟದಲ್ಲಿ ಏಟು ತಿಂದಿದ್ದರೆ? ಪೆಟ್ಟಿಗೆ ತೊಳೆದು ಒಣಗಿಸಿ, ಬಾಗಿಲುಗಳಿಗೆ ಹೊಸ ಸ್ಪಂಜು ಅಂಟಿಸಿ, ಕೋರ್ ಕೂರಿಸಿ, ಲಿವರ್ ಕೇಬಲ್ ಸಿಕ್ಕಿಸಿ ವಾಲ್ವ್ ಪೂರಾ ತೆರೆಯುತ್ತದಾ, ಪೂರಾ ಮುಚ್ಚುತ್ತದಾ ಎಂದು ಹೊರಗೇ ನೋಡಿಕೊಂಡೆವು. ಡ್ಯಾಶ್‌ಬೋರ್ಡ್ ಹಾಕಿದ ಮೇಲೆ ಆ ಕೇಬಲ್ಲಿಗೆ ಕೈ ಹೋಗುವುದಿಲ್ಲ. ಇನ್ನೊಂದು ಕೆಲಸವನ್ನೂ ಇದಕ್ಕೂ ಮೊದಲೇ ಮಾಡಿಯಾಗಿತ್ತು. ಇಂಜಿನ್ ಕಡೆಯ ಹೋಸಿಗೆ ನೀರಿನ ಪೈಪು ಕೊಟ್ಟು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ತಿಳಿನೀರು ಬರುವ ತನಕ ತೊಳೆದೆವು. ಮಾವನ ಕಾಲದ ಕೆಂಪು ಕೆಸರು ಇನ್ನೂ ಬರುತ್ತಲೇ ಇತ್ತು. ಅದು ಹೊಸ ಕೋರಿಗೆ ಹೋಗಿ ಕೂತರೆ ಇಷ್ಟೆಲ್ಲ ಮಾಡಿದ್ದು ದಂಡ.

ಪೂರಾ ಜೋಡಿಸುವ ಮೊದಲು ಇಚ್ಚ ಒಂದು ಬುದ್ಧಿವಂತಿಕೆ ಮಾಡಿದರು. ಡ್ಯಾಶ್‌ಬೋರ್ಡ್ ಹೊರಗಿರುವಾಗಲೇ ಹೋಸು ಕೂಡಿಸಿ, ನೀರು ತುಂಬಿಸಿ, ಕೈಪಂಪಿನಲ್ಲಿ ಪ್ರೆಶರ್ ಕೊಟ್ಟು ಚಾಯ ಕುಡಿಯಲು ಹೋದರು. ಬಂದು ನೋಡಿದರೆ ಮುಳ್ಳು ಅಲ್ಲೇ ಇತ್ತು. ಆಮೇಲೇ ಡ್ಯಾಶ್‌ಬೋರ್ಡ್ ಎತ್ತಿದ್ದು. ನೀವು ಯಾರ ಹತ್ತಿರ ಮಾಡಿಸಿದರೂ ಈ ಒಂದು ಹಂತವನ್ನು ಕೇಳಿ ಮಾಡಿಸಿಕೊಳ್ಳಿ.

ಕೂಲಂಟನ್ನು ಸುರಂಗದ ನೀರಿಗೆ ಬೆರೆಸಲಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು ಅರ್ಧಕ್ಕೆ ಅರ್ಧ ಬೆರೆಸಿದೆ. ಅಂಗಡಿಯಲ್ಲಿ ಬೆರೆಸಿಯೇ ಕೊಡುವ ಕೂಲಂಟ್ ಕ್ಯಾನ್ ಆದರೆ ಹಾಗೇ ಸುರಿಯುವುದು, ಅದಕ್ಕೆ ಮತ್ತೆ ನೀರು ಸೇರಿಸಬಾರದು. ಡಬ್ಬಿಯ ಮೇಲೆ ಬರೆದಿರುತ್ತದೆ, ಓದುವವರು ಕಡಿಮೆ. ಅಲ್ಯೂಮಿನಿಯಂ ಕೋರಿಗೆ ಇದು ಇನ್ನೂ ಮುಖ್ಯ. ತಾಮ್ರಕ್ಕೆ ತೂತು ಬಿದ್ದರೆ ಬೆಸುಗೆ ಹಾಕುವವರು ಪುತ್ತೂರಿನಲ್ಲಾದರೂ ಸಿಗುತ್ತಾರೆ, ಇದಕ್ಕೆ ಊರಲ್ಲಿ ಆ ದಾರಿ ಇಲ್ಲ.

ಗಾಳಿ ತೆಗೆಯುವ ಕೆಲಸ ನಾನು ಮನೆಯಲ್ಲೇ ಮಾಡಿದೆ. ಕೋರ್ ಮತ್ತು ಅದರ ಹೋಸುಗಳಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಸಾಮಾನ್ಯ, ಆಗ ನೀರು ಹರಿಯುವುದಿಲ್ಲ. ಮನೆಯ ಅಂಗಳಕ್ಕೆ ಬರುವ ಚಡಾವು ಇದಕ್ಕೆ ಹೇಳಿ ಮಾಡಿಸಿದ ಜಾಗ. ಮೂತಿ ಮೇಲೆ ಬರುವ ಹಾಗೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ಲಿವರ್ ಪೂರಾ ಬಿಸಿ ಕಡೆಗೆ ಎಳೆದು ಸ್ಟಾರ್ಟ್ ಮಾಡಿದೆ. ಬಾಯಲ್ಲಿ ಗುಳುಗುಳು ಗುಳ್ಳೆ ಬಂದು ಮಟ್ಟ ಇಳಿಯುತ್ತದೆ, ತುಂಬಿಸುತ್ತಾ ಹೋಗಬೇಕು. ನಡುನಡುವೆ ಮೇಲಿನ ಹೋಸು ಹಿಂಡಿದರೆ ಇನ್ನಷ್ಟು ಗುಳ್ಳೆ. ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್, ಥರ್ಮೋಸ್ಟಾಟ್, ತೆರೆದಾಗ ಒಮ್ಮೆಲೇ ಮಟ್ಟ ಕುಸಿಯಿತು. ಪುನಃ ತುಂಬಿಸಿ ಮುಚ್ಚಳ ಹಾಕಿ, ಮುಂದಿನ ಫ್ಯಾನ್ ತಾನಾಗಿ ತಿರುಗಿ ನಿಲ್ಲುವ ತನಕ ಕಾದೆ. ಹೀಟರಿನ ಎರಡೂ ಹೋಸನ್ನು ಬಟ್ಟೆ ಹಿಡಿದು ಮುಟ್ಟಿದರೆ ಎರಡೂ ಬಿಸಿ. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಗಾಳಿ ಇನ್ನೂ ಇದೆ ಅಥವಾ ಕೋರ್ ಕಟ್ಟಿಕೊಂಡಿದೆ ಎಂದು ಲೆಕ್ಕ. ಇಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆಯುವ ಸಾಹಸ ಮಾತ್ರ ಬೇಡ. ಪ್ರೆಶರಿನಲ್ಲಿರುವ ನೀರು ಮುಖಕ್ಕೇ ಹಾರುತ್ತದೆ.

ಖರ್ಚು ಎಷ್ಟಾಯಿತು ಎಂದು ಕೇಳುವವರಿಗೆ: ಸಾಮಾನಿಗಿಂತ ಕೂಲಿಯೇ ಜಾಸ್ತಿ. ಅದು ನ್ಯಾಯವೇ, ಕೋರ್ ಬದಲಿಸುವುದು ಸ್ವಲ್ಪ ಹೊತ್ತಿನ ಕೆಲಸ, ಅಲ್ಲಿಗೆ ಹೋಗಿ ಬರುವುದೇ ದೊಡ್ಡದು. ಈ ಹಳೇ ಡಬ್ಬಕ್ಕೆ ಇಷ್ಟು ಯಾಕೆ ಸುರಿಯುತ್ತೀರಿ ಎಂದೂ ಕೇಳಿದರು. ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸಿ ಇಟ್ಟುಕೊಂಡ ಗಾಡಿ, ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಲ್ಲಿಸುವುದಾದರೆ ಯಾಕೆ ಬೇಕು? ಕಾರ್ಪೆಟ್ಟನ್ನು ಮಾತ್ರ ಪೂರಾ ಹೊರಗೆ ತೆಗೆದು, ಸಾಬೂನು ಹಾಕಿ ತೊಳೆದು ಅಂಗಳದಲ್ಲಿ ಅಡಿಕೆಯ ಪಕ್ಕ ಒಣಗಿಸಬೇಕಾಯಿತು. ಕೂಲಂಟ್ ಅದರಷ್ಟಕ್ಕೆ ಒಣಗುವುದೇ ಇಲ್ಲ. ಬಿಟ್ಟರೆ ಕೆಳಗಿನ ತಗಡು ತುಕ್ಕು ಹಿಡಿಯುತ್ತದೆ.

ಈ ಜೂನ್‌ನಿಂದ ಗಾಜು ಸರಿಯಾಗಿ ಬಿಡಿಸಿಕೊಳ್ಳುತ್ತಿದೆ. ಕಿರಿಕಿರಿ ಶಬ್ದವೂ ಇದೆ, ಗ್ಲೋವ್ ಬಾಕ್ಸಿನ ಹತ್ತಿರ. ಷರತ್ತಿನ ಪ್ರಕಾರ ನಾನು ಹೇಳಿಲ್ಲ.

ಮೊನ್ನೆ ಇಚ್ಚನ ಫೋನ್ ಬಂತು. ಯಾರದ್ದೋ ಹಳೇ ಎಸ್ಟೀಮ್ ಕಾರು ಬಂದಿದೆಯಂತೆ, ಎಡಗಡೆ ಕಾರ್ಪೆಟ್ ಪೂರಾ ಒದ್ದೆ. "ಆ ಕೋರ್ ತರಿಸಿಕೊಟ್ಟ ಅಂಗಡಿಯ ನಂಬರ್ ಕೊಡಿ ಮಾಷೇ" ಎಂದರು. ಲೂಪ್ ಹೊಡೆಯುವುದಿಲ್ಲವಾ ಎಂದು ಕೇಳಬೇಕು ಅನ್ನಿಸಿತು, ಸುಮ್ಮನಿದ್ದೆ. ನೀರಿಗೆ ಬಣ್ಣ ಇದೆಯಾ, ಸಿಹಿ ವಾಸನೆ ಇದೆಯಾ ಎಂದೆ. ಇಲ್ಲ, ತಿಳಿನೀರು ಎಂದರು. ಏಸಿ ಗಾಡಿಯಲ್ಲವಾ, ಮೊದಲು ಏಸಿ ನೀರು ಹೊರಗೆ ಹೋಗುವ ಸಣ್ಣ ಪೈಪ್ ನೋಡಿ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಅವರ ಹುಡುಗ ಒಂದು ಫೋಟೋ ಕಳಿಸಿದ. ಆ ಪೈಪಿನೊಳಗಿಂದ ತೆಗೆದ ಒಂದು ಮುಷ್ಟಿ ಕಸ, ಹಾಳೆಯ ತಟ್ಟೆಯಲ್ಲಿ.